ಹೆಲ್ಮೆಟ್ಟಿನ ಮೇಲೆ ಹಸೆ ಚಿತ್ತಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ದೀವರ ಮನೆತನ. ಅಮೆರಿಕದ ಆಸ್ಟಿನ್ ನಗರದಲ್ಲಿ ಕೆಲಸದಲ್ಲಿರುವ ನನ್ನ ಮಗಳು ಅಲ್ಲಿ ರೋಲರ್ ಡರ್ಬಿ ಎಂಬ ಸ್ಕೇಟಿಂಗ್ ಆಟದ ತಂಡಕ್ಕೆ ಸೇರಿದ್ದಾಳೆ. ತಂಡದ ಹುಡುಗಿಯರು ತಮ್ಮ ತಮ್ಮ ಹೆಲ್ಮೆಟ್ಟಿನ ಮೇಲೆ ಇಷ್ಟದ ಚಿತ್ರಗಳನ್ನು ಬರೆದುಕೊಳ್ಳುತ್ತಾರಂತೆ. ಇವಳಿಗೆ ಅಜ್ಜಿ ಬರೆಯುವ ಹಸೆ ಚಿತ್ತಾರವೇ ಬೇಕಂತೆ. ಮುಂದಿನ ತಿಂಗಳು ಊರಿಗೆ ಬರುವಾಗ ಹೊಸ ಹೆಲ್ಮೆಟ್ ತರುತ್ತಾಳೆ. ಇಲ್ಲಿನ ಪೇಂಟ್ ಅಂಗಡಿಯವರು ಥಿನ್ನರಿನಲ್ಲಿ ಒರೆಸಿ, ಪ್ರೈಮರ್ ಹೊಡೆದು, ಎನಾಮಲ್ ಬಣ್ಣ ಹಚ್ಚಿ, ಮೇಲೆ ಸ್ಪ್ರೇ ವಾರ್ನಿಶ್ ಕೊಟ್ಟರೆ ಬಾಳಿಕೆ ಬರುತ್ತದೆ ಎನ್ನುತ್ತಾರೆ. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಅವರು ಗೋಡೆಯ ಮೇಲೆ ಬರೆದವರೇ ಹೊರತು ಪ್ಲಾಸ್ಟಿಕ್ಕಿನ ಮೇಲೆ ಬರೆದವರಲ್ಲ. ಸರಿಯಾದ ಕ್ರಮವನ್ನು ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಸಾಗರ

ಉತ್ತರ: ಅಂಗಡಿಯವರು ಹೇಳಿದ ಕ್ರಮ ಕಬ್ಬಿಣದ ಗೇಟಿಗೆ ಸರಿಯಾದದ್ದು. ಹೆಲ್ಮೆಟ್ಟಿಗೆ ಅದರಲ್ಲಿ ಒಂದು ಹಂತವೂ ಸಲ್ಲದು. ಥಿನ್ನರ್, ಟರ್ಪೆಂಟೈನ್, ಎನಾಮಲ್, ಸ್ಪ್ರೇ ವಾರ್ನಿಶ್ ಇವುಗಳಲ್ಲಿ ಯಾವುದನ್ನೂ ಆ ಹೆಲ್ಮೆಟ್ಟಿನ ಹತ್ತಿರಕ್ಕೆ ತರಬೇಡಿ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಮತ್ತು ನೀರಿನ ಆಧಾರದ ಪಾರದರ್ಶಕ ವಾರ್ನಿಶ್, ಇವೆರಡೇ ಸಾಕು. ಅದಕ್ಕೂ ಮೊದಲು ನಿಮ್ಮ ಮಗಳಿಂದ ಒಂದು ಕೆಲಸ ಆಗಬೇಕು. ಹೆಲ್ಮೆಟ್ಟಿನ ಜೊತೆ ಬಂದ ಕೈಪಿಡಿಯಲ್ಲಿ ಬಣ್ಣದ ಬಗ್ಗೆ ತಯಾರಕರು ಏನು ಹೇಳಿದ್ದಾರೆ ಎಂಬುದನ್ನು ಅವಳು ಓದಬೇಕು, ಸ್ಪಷ್ಟವಾಗಿಲ್ಲದಿದ್ದರೆ ಅವರಿಗೇ ಬರೆದು ಕೇಳಬೇಕು. ಹಚ್ಚಲೇಬಾರದು ಎಂಬ ಉತ್ತರ ಬಂದರೆ ಆ ಹೆಲ್ಮೆಟ್ಟನ್ನು ಇದ್ದ ಹಾಗೆಯೇ ತೊಡಲಿ, ಚಿತ್ತಾರಕ್ಕೆ ಬೇರೊಂದು ಮಾದರಿಯನ್ನು ಆರಿಸಿಕೊಳ್ಳಲಿ.

ಇಷ್ಟು ಕಟ್ಟುನಿಟ್ಟು ಏಕೆಂಬುದು ಆಟವನ್ನು ತಿಳಿದರೆ ಅರ್ಥವಾಗುತ್ತದೆ. ಲಿಯೊ ಸೆಲ್ಟ್ಜರ್ ಎಂಬವರು 1935ರಲ್ಲಿ ಶಿಕಾಗೊದಲ್ಲಿ ಆರಂಭಿಸಿದ ಸ್ಕೇಟಿಂಗ್ ಸ್ಪರ್ಧೆಯಿಂದ ಬೆಳೆದ ಈ ಆಟ ನಡುವೆ ಮಂಕಾಗಿ, 2001ರ ಸುಮಾರಿಗೆ ನಿಮ್ಮ ಮಗಳಿರುವ ಆಸ್ಟಿನ್ ನಗರದಲ್ಲೇ ಮಹಿಳೆಯರ ಕೈಯಲ್ಲಿ ಮತ್ತೆ ಜೀವ ಪಡೆಯಿತು. ಅಂಡಾಕಾರದ ಅಂಕಣದಲ್ಲಿ ಎರಡೂ ತಂಡಗಳಿಂದ ಐದೈದು ಮಂದಿ ನಾಲ್ಕು ಗಾಲಿಯ ಸ್ಕೇಟ್ ತೊಟ್ಟು ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ಪ್ರತಿ ತಂಡದಲ್ಲಿ ಒಬ್ಬಳು ಜ್ಯಾಮರ್, ಉಳಿದ ನಾಲ್ವರು ಬ್ಲಾಕರ್‌ಗಳು. ಎದುರಾಳಿಗಳ ಗುಂಪನ್ನು ಒಮ್ಮೆ ದಾಟಿ ಬಂದ ಜ್ಯಾಮರ್, ಎರಡನೆಯ ಸುತ್ತಿನಿಂದ ಹಿಂದಿಕ್ಕುವ ಪ್ರತಿಯೊಬ್ಬ ಎದುರಾಳಿಗೂ ತಂಡಕ್ಕೆ ಒಂದು ಅಂಕ ಬರುತ್ತದೆ. ಅವಳನ್ನು ತಡೆಯಲು ಬ್ಲಾಕರ್‌ಗಳು ಸೊಂಟ, ಭುಜ, ಎದೆಗಳಿಂದ ಅಡ್ಡಗಟ್ಟಿ ತಳ್ಳುತ್ತಾರೆ. ಬೀಳುವುದು ಇಲ್ಲಿ ಅಪರೂಪದ ಘಟನೆಯಲ್ಲ, ಆಟದ ಭಾಗ. ಹಾಗಾಗಿ ಆ ಹೆಲ್ಮೆಟ್ ನಿಜವಾಗಿಯೂ ಪೆಟ್ಟು ತಿನ್ನಲಿಕ್ಕೆಂದೇ ಇರುವ ವಸ್ತು, ಅದರ ಮೇಲಿನ ಚಿತ್ರ ಎಷ್ಟೇ ಪ್ರೀತಿಯದಾದರೂ ಎರಡನೆಯ ಮಾತು.

ಈ ಆಟದಲ್ಲಿ ಬಳಸುವ ಹೆಚ್ಚಿನ ಹೆಲ್ಮೆಟ್‌ಗಳ ಹೊರಚಿಪ್ಪು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಇಪಿಎಸ್ ಎಂಬ ನೊರೆಯ ಪದರವಿರುತ್ತದೆ, ನಾವು ಥರ್ಮೋಕೋಲ್ ಎನ್ನುವ ವಸ್ತುವೇ ಅದು, ಸಾಂದ್ರತೆ ಮಾತ್ರ ಹೆಚ್ಚು. ತಲೆ ನೆಲಕ್ಕೆ ಬಡಿದಾಗ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ನೊರೆ ಜಜ್ಜಿಹೋಗುತ್ತಾ ತಲೆಯ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತದೆ. ಈಗ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲಿನ ತುಂಡೊಂದನ್ನು ಕಿಟಕಿಯ ಬಳಿ ಇಟ್ಟು, ಅದರ ಮೇಲೆ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವದ ನಾಲ್ಕು ಹನಿ ಬಿಡಿ. ಸದ್ದಿಲ್ಲದೆ ಅಲ್ಲೊಂದು ಕುಳಿ ಬೀಳುತ್ತದೆ, ಅಂಚುಗಳು ಒಳಕ್ಕೆ ಕುಸಿಯುತ್ತವೆ, ತಳದಲ್ಲಿ ಅಂಟಂಟಾದ ಚೂರು ಮಾತ್ರ ಉಳಿಯುತ್ತದೆ. ಪೇಂಟ್ ಥಿನ್ನರ್‌ಗಳಲ್ಲಿ ಇರುವುದೂ ಇಂಥ ದ್ರಾವಕಗಳೇ. ಗಾಳಿಕಿಂಡಿಯಿಂದ ಒಳಗಿಳಿದ ಥಿನ್ನರ್, ಪ್ಯಾಡಿನ ಹಿಂದೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇದೇ ಕೆಲಸವನ್ನು ಮಾಡಬಹುದು. ಹೊರಚಿಪ್ಪು ಹೀಗೆ ಕರಗಿ ಕಾಣುವುದಿಲ್ಲವಾದರೂ, ರಿವೆಟ್ ಸುತ್ತಲಿನಂತಹ ಬಿಗಿತವಿರುವ ಜಾಗಗಳಲ್ಲಿ ದ್ರಾವಕ ತಗುಲಿದ ಪ್ಲಾಸ್ಟಿಕ್ ಕೂದಲೆಳೆಯಂತಹ ಬಿರುಕುಗಳನ್ನು ಪಡೆದು ಪೆಡಸಾಗಬಹುದು. ಅಮೆರಿಕದಲ್ಲಿ ಸೈಕಲ್ ಹೆಲ್ಮೆಟ್‌ಗಳಿಗಿರುವ ಸರ್ಕಾರಿ ನಿಯಮದ ಪ್ರಕಾರ, ಸಾಮಾನ್ಯ ಬಳಕೆಯ ರಾಸಾಯನಿಕಗಳಿಂದ ಹೆಲ್ಮೆಟ್ ಹಾಳಾಗಬಹುದು ಮತ್ತು ಆ ಹಾನಿ ಕಣ್ಣಿಗೆ ಕಾಣದಿರಬಹುದು ಎಂಬ ಎಚ್ಚರಿಕೆಯ ಚೀಟಿ ಒಳಗೆ ಇರಲೇಬೇಕು. ಮಗಳ ಹೆಲ್ಮೆಟ್ಟಿನಲ್ಲೂ ಅಂಥ ಚೀಟಿ ಇದ್ದೀತು, ಹುಡುಕಿ ನೋಡಿ.

ಇನ್ನು ಕೆಲಸದ ಕ್ರಮ. ಒಳಗಿನ ಮೆತ್ತನೆಯ ಪ್ಯಾಡುಗಳು ವೆಲ್ಕ್ರೋದಿಂದ ಅಂಟಿಕೊಂಡಿದ್ದರೆ ಬಿಡಿಸಿಡಿ, ನೊರೆಯ ಪದರವನ್ನು ಮಾತ್ರ ಎಬ್ಬಿಸಲು ಹೋಗಬೇಡಿ. ಗಲ್ಲದ ಪಟ್ಟಿಗಳ ರಿವೆಟ್ ಬಿಚ್ಚಕೂಡದು. ಪಟ್ಟಿಗಳನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಭಾಗಕ್ಕೆ ಸೇರಿಸಿ ಟೇಪು ಸುತ್ತಿ. ಪಾತ್ರೆ ತೊಳೆಯುವ ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಚಿಪ್ಪನ್ನು ಒರೆಸಿ, ಬರಿ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ. ಕೈಯ ಜಿಡ್ಡು ಉಳಿದ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಇಲ್ಲಿಂದ ಮುಂದೆ ಅಂಚನ್ನು ಮಾತ್ರ ಹಿಡಿದು ಎತ್ತಿ. ಪೇಂಟರುಗಳು ವಾಟರ್ ಪೇಪರ್ ಎನ್ನುವ ಕಾಗದದಲ್ಲಿ 600ನೇ ನಂಬರಿನದನ್ನು ತಂದು, ನೀರು ತಾಗಿಸಿ, ಕೈಭಾರ ಹಾಕದೆ ಮೇಲಿಂದ ಮೇಲೆ ಆಡಿಸಿ. ಹೊಳಪು ಮಾಸಿ ಚಿಪ್ಪು ಮಂಕಾಗಿ ಕಂಡೊಡನೆ ನಿಲ್ಲಿಸಬೇಕು. ಬಣ್ಣಕ್ಕೆ ಹಿಡಿತ ಸಿಗಲಿ ಎಂಬುದಷ್ಟೇ ಇಲ್ಲಿನ ಉದ್ದೇಶ, ಪ್ಲಾಸ್ಟಿಕ್ಕನ್ನು ಸವೆಸುವುದಲ್ಲ. ಬಳಿಕ ಗಾಳಿಕಿಂಡಿಗಳಿಗೆ ಒಳಗಿನಿಂದ ಕಾಗದವಿಟ್ಟು ಮಾಸ್ಕಿಂಗ್ ಟೇಪು ಹಚ್ಚಿ. ರಿವೆಟ್‌ಗಳು, ಅಂಚಿನ ರಬ್ಬರು, ಪ್ರಮಾಣಪತ್ರದ ಚೀಟಿ ಇವೂ ಟೇಪಿನಡಿ ಇರಲಿ. ಆ ಚೀಟಿಯ ಮೇಲೆ ಬಣ್ಣ ಬಿದ್ದು ಅಕ್ಷರ ಮರೆಯಾದರೆ, ಸಲಕರಣೆ ಪರೀಕ್ಷಿಸುವವರಿಗೆ ಅದು ಯಾವ ಹೆಲ್ಮೆಟ್ ಎಂದು ತೋರಿಸುವುದು ಕಷ್ಟವಾಗುತ್ತದೆ.

ಚಿತ್ತಾರದ ಮಾತಿಗೆ ಬರೋಣ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿನಾರಿನ ಕುಂಚ, ಇದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಾಮಗ್ರಿ. ಈ ಬಣ್ಣಗಳು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಮೊದಲ ದಿನದ ಬೆವರಿಗೆ ಕರಗಿ ಹೋಗುತ್ತವೆ. ಆದ್ದರಿಂದ ಫೆವಿಕ್ರಿಲ್ ಅಥವಾ ಕ್ಯಾಮೆಲ್‌ನಂತಹ ಅಕ್ರಿಲಿಕ್ ಬಣ್ಣಗಳಲ್ಲಿ ಇಟ್ಟಿಗೆಗೆಂಪು, ಬಿಳಿ, ಕಪ್ಪು, ಹಳದಿಗಳನ್ನು ಕೊಳ್ಳಿ. ಕೆಂಪಿಗೆ ಚಿಟಿಕೆ ಕಂದು ಬೆರೆಸಿದರೆ ನಿಮ್ಮ ಊರಿನ ಕೆಮ್ಮಣ್ಣಿಗೆ ಹತ್ತಿರವಾದ ಬಣ್ಣ ಬರುತ್ತದೆ, ಅತ್ತೆಯವರನ್ನೇ ಕೂರಿಸಿ ಹೊಂದಿಸಿ. ಕಪ್ಪು ಚಿಪ್ಪಿನ ಮೇಲೆ ಕೆಂಪು ನೇರವಾಗಿ ಏಳುವುದಿಲ್ಲ. ಮೊದಲು ತೆಳುವಾಗಿ ಎರಡು ಪದರ ಬಿಳಿ ಕೊಟ್ಟು, ಅದು ಒಣಗಿದ ಮೇಲೆ ಕೆಂಪಿನ ಮೂರು ತೆಳು ಪದರ ಕೊಡಿ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಒಂದೆರಡು ಗಂಟೆಯಾದರೂ ಬಿಡುವು ಬೇಕು. ಒಂದೇ ಸಲಕ್ಕೆ ದಪ್ಪವಾಗಿ ಹಚ್ಚಿದ ಬಣ್ಣದ ಮೇಲ್ಪದರ ಒಣಗಿ, ಒಳಗೆ ಮೆತ್ತಗೇ ಉಳಿದು, ಮೊದಲ ಉಜ್ಜಿಗೇ ಸಿಪ್ಪೆಯಾಗಿ ಏಳುತ್ತದೆ.

ಗೆರೆ ಎಳೆಯುವಲ್ಲಿ ಅತ್ತೆಯವರಿಗೆ ಎದುರಾಗುವ ನಿಜವಾದ ತೊಡಕು ಎರಡು. ಮಣ್ಣಿನ ಗೋಡೆ ಬಣ್ಣದ ನೀರನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕುಂಚದಲ್ಲಿ ತುಸು ಹೆಚ್ಚು ಬಣ್ಣವಿದ್ದರೂ ಗೆರೆ ನಿಂತಲ್ಲಿ ನಿಲ್ಲುತ್ತದೆ. ಪ್ಲಾಸ್ಟಿಕ್ ಏನನ್ನೂ ಹೀರುವುದಿಲ್ಲ, ಹೆಚ್ಚಾದ ಬಣ್ಣ ಗೆರೆಯ ಕೊನೆಯಲ್ಲಿ ಗುಂಡಗೆ ನಿಂತು ಜಾರುತ್ತದೆ. ಪುಂಡಿನಾರಿನ ಕುಂಚವನ್ನೇ ಅವರು ಬಳಸಲಿ, ಕೈಗೆ ಹೊಂದಿದ ಕುಂಚವನ್ನು ಬದಲಿಸಬೇಕಾಗಿಲ್ಲ. ಆದರೆ ಬಣ್ಣವನ್ನು ಮಜ್ಜಿಗೆಗಿಂತ ದಪ್ಪಗೆ ಇಟ್ಟುಕೊಂಡು, ಅದ್ದಿದ ಕುಂಚವನ್ನು ತಟ್ಟೆಯ ಅಂಚಿಗೆ ಒಮ್ಮೆ ಸವರಿ, ಬಳಿಕ ಗೆರೆ ಎಳೆಯಲಿ. ಹಳೆಯ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಇದೇ ರೀತಿ ಮಂಕು ಮಾಡಿ, ಕೆಂಪು ಬಳಿದು ಬೋರಲು ಹಾಕಿ ಅವರ ಮುಂದಿಟ್ಟರೆ, ಅವರ ಕೈಗೆ ಬೇಗನೆ ಅಭ್ಯಾಸವಾದೀತು.

ಎರಡನೆಯ ತೊಡಕು ಗುಂಡನೆಯ ಮೈಯದು. ಚಿತ್ತಾರದ ಚೆಲುವೆಲ್ಲ ನೇರ ಗೆರೆಗಳ ಸಮಾನ ಅಂತರದಲ್ಲಿದೆ. ಗೋಡೆಯಲ್ಲಿ ಸಮಾನವಾಗಿ ಮೇಲೇರುವ ಗೆರೆಗಳು ಹೆಲ್ಮೆಟ್ಟಿನಲ್ಲಿ ನೆತ್ತಿಯತ್ತ ಹೋದಂತೆ ಒಂದಕ್ಕೊಂದು ಒತ್ತಿ ಗಂಟಾಗುತ್ತವೆ. ಇದಕ್ಕೆ ನನ್ನ ಸಲಹೆ ಹೀಗಿದೆ. ಹಣೆಯ ಅಂಚಿನಿಂದ ಎರಡು ಬೆರಳು ಮೇಲೆ, ತಲೆಯ ಸುತ್ತಲೂ ಬರುವಂತೆ ಅಂಚಿನ ಪಟ್ಟಿ ಬರೆಯಲಿ. ಹೆಲ್ಮೆಟ್ಟಿನ ಎರಡು ಪಕ್ಕಗಳಲ್ಲಿ ಮೈ ಹೆಚ್ಚು ಬಾಗಿರುವುದಿಲ್ಲ, ಅಲ್ಲಿ ಒಂದೊಂದು ಚೌಕದ ಚಿತ್ತಾರ ಕೂರಿಸಲಿ. ನೆತ್ತಿಯನ್ನು ಬರಿ ಕೆಂಪಾಗಿ ಬಿಡಲಿ, ಅಥವಾ ಅಲ್ಲಿ ಒಂದೇ ಒಂದು ಸಣ್ಣ ಆಕೃತಿ ಸಾಕು. ಮೊದಲು ತೆಳು ಕಾಗದವನ್ನು ಚಿಪ್ಪಿನ ಮೇಲೆ ಹೊದಿಸಿ, ದರ್ಜಿ ಕುಪ್ಪಸಕ್ಕೆ ಹಿಡಿಯುವ ಟಕ್ಸಿನಂತೆ ನಾಲ್ಕೈದು ಕಡೆ ಮಡಿಕೆ ಹಿಡಿದು ಅಂಟಿಸಿದರೆ ಅಳತೆಯ ಮಾದರಿ ಸಿಗುತ್ತದೆ. ಹಣೆಯ ನಡುವಿನಿಂದ ಹಿಂದಲೆಯ ನಡುವಿಗೆ ಟೈಲರ್ ಟೇಪು ಹಿಡಿದು ಒಂದು ಗೆರೆ, ಕಿವಿಯಿಂದ ಕಿವಿಗೆ ಒಂದು ಗೆರೆ ಎಳೆದುಕೊಂಡರೆ ಎರಡು ಪಕ್ಕದ ಚೌಕಗಳೂ ಒಂದೇ ಎತ್ತರಕ್ಕೆ ಬರುತ್ತವೆ. ಗಾಳಿಕಿಂಡಿಗಳು ನಡುವೆ ಅಡ್ಡ ಬರುತ್ತವೆ ಎಂದು ಬೇಸರ ಬೇಡ, ಚೌಕದ ಮೂಲೆಗಳು ಕಿಂಡಿಯ ಅಂಚಿಗೆ ಬಂದು ನಿಲ್ಲುವಂತೆ ಹೊಂದಿಸಿದರೆ ಅವೂ ವಿನ್ಯಾಸದೊಳಗೆ ಸೇರುತ್ತವೆ.

ಬರೆದದ್ದನ್ನು ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿ. ಆಮೇಲೆ ನೀರಿನ ಆಧಾರದ ಪಾಲಿಯುರಿಥೇನ್ ವಾರ್ನಿಶ್ಶನ್ನು ಮೆತ್ತನೆಯ ಅಗಲ ಕುಂಚದಿಂದ ಮೂರು ತೆಳು ಪದರಗಳಾಗಿ ಕೊಡಿ. ಡಬ್ಬಿಯ ಮೇಲೆ ನೀರಿನಲ್ಲಿ ಕುಂಚ ತೊಳೆಯಬಹುದು ಎಂದು ಬರೆದಿದ್ದರೆ ಅದು ಸರಿಯಾದದ್ದು, ಥಿನ್ನರಿನಲ್ಲಿ ತೊಳೆಯಿರಿ ಎಂದಿದ್ದರೆ ಹಿಂದಿರುಗಿಸಿ. ಈ ಪದರವನ್ನು ಅಂಚಿನ ಹತ್ತಿರ, ಹಣೆಯ ಮೇಲೆ ಮತ್ತು ಹಿಂದಲೆಯಲ್ಲಿ ವಿಶೇಷ ಕಾಳಜಿಯಿಂದ ಕೊಡಬೇಕು. ಏಕೆಂದರೆ ಜ್ಯಾಮರ್ ಆದವಳು ನಕ್ಷತ್ರದ ಗುರುತಿರುವ ಎಲಾಸ್ಟಿಕ್ ಬಟ್ಟೆಯ ಟೋಪಿಯನ್ನು ಹೆಲ್ಮೆಟ್ಟಿನ ಮೇಲೆ ಎಳೆದುಕೊಳ್ಳುತ್ತಾಳೆ, ಆಟದ ನಡುವೆ ಅದನ್ನು ಕಿತ್ತು ಪಿವಟ್ ಎಂಬ ಬ್ಲಾಕರಿಗೆ ದಾಟಿಸುವುದೂ ಉಂಟು. ಆ ಎಲಾಸ್ಟಿಕ್ ಅಂಚು ಪ್ರತಿ ಬಾರಿಯೂ ಇದೇ ಜಾಗವನ್ನು ಉಜ್ಜುತ್ತದೆ.

ಮುಟ್ಟಿದರೆ ಅಂಟದಷ್ಟು ಒಣಗುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಎರಡನೆಯದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಾದರೆ ಇನ್ನೂ ಹೆಚ್ಚು. ಬೇಗ ಆಗಲೆಂದು ಒಲೆಯ ಬಳಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಥವಾ ಹೇರ್ ಡ್ರೈಯರ್ ಮುಂದೆ ಇಡಬೇಡಿ, ಒಳಗಿನ ನೊರೆಗೆ ಅತಿಯಾದ ಬಿಸಿ ಆಗದು. ಫ್ಯಾನಿನ ಗಾಳಿ ಸಾಕು. ಮಗಳ ರಜೆ ಚಿಕ್ಕದಾಗಿದ್ದರೆ ಬಂದ ದಿನವೇ ಕೆಲಸ ಆರಂಭಿಸಿ, ಹಿಂದಿರುಗಿದ ಮೇಲೂ ಒಂದೆರಡು ವಾರ ಹಳೆಯ ಹೆಲ್ಮೆಟ್ಟನ್ನೇ ತೊಡುವಂತೆ ಹೇಳಿ. ಮಿಕ್ಕ ಕೆಂಪು ಮತ್ತು ಬಿಳಿ ಬಣ್ಣವನ್ನು ಸಣ್ಣ ಸೀಸೆಗಳಲ್ಲಿ ಅವಳ ಜೊತೆ ಕಳಿಸಿ. ಬಿದ್ದಲ್ಲೆಲ್ಲ ಬಣ್ಣ ಏಳುವುದು ಖಂಡಿತ, ಅಂಥ ಜಾಗಗಳನ್ನು ಅವಳೇ ತುಂಬಿಕೊಳ್ಳಬಹುದು.

ಪ್ರಶ್ನೆ: ನಾನು ಆಸ್ಟಿನ್ನಿನಲ್ಲೇ ಇರುವ ಕನ್ನಡಿಗ. ಹೆಂಡತಿ ಡರ್ಬಿ ಆಡುತ್ತಾಳೆ. ಇಲ್ಲಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿಗೆಂದೇ ತಯಾರಾದ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ತಂಡದ ಹಲವರು ಅದನ್ನೇ ಹೊಡೆದು ವರ್ಷಗಟ್ಟಲೆ ಆಡಿದ್ದಾರೆ, ಏನೂ ಆಗಿಲ್ಲ ಎನ್ನುತ್ತಾರೆ. ಬಳಸಬಹುದೇ?
— ಓದುಗರೊಬ್ಬರು, ಟೆಕ್ಸಸ್

ಉತ್ತರ: ಪ್ಲಾಸ್ಟಿಕ್ಕಿಗೆಂದು ತಯಾರಾದದ್ದು ಎಂದರೆ ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟುವ ಬಣ್ಣ ಎಂದರ್ಥ. ಆ ಅಂಟು ಬಹುಪಾಲು ಡಬ್ಬಿಗಳಲ್ಲಿ ಬರುವುದೇ ಮೇಲ್ಮೈಯನ್ನು ತುಸು ಮೆತ್ತಗೆ ಮಾಡುವ ದ್ರಾವಕದಿಂದ. ಡಬ್ಬಿಯ ಹಿಂಬದಿಯ ಎಚ್ಚರಿಕೆಯ ಸಾಲುಗಳನ್ನು ಓದಿ, ಅಸಿಟೋನ್ ಅಥವಾ ಕ್ಸೈಲೀನ್ ಹೆಸರು ಕಾಣುವ ಸಂಭವ ಹೆಚ್ಚು. ತೋಟದ ಕುರ್ಚಿಗೆ ಇದರಿಂದ ತೊಂದರೆಯಿಲ್ಲ, ಕುರ್ಚಿಯ ಮೇಲೆ ಯಾರ ಪ್ರಾಣವೂ ನಿಂತಿಲ್ಲ.

ಏನೂ ಆಗಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಹೆಲ್ಮೆಟ್ ಹಾಳಾಗಿದೆಯೇ ಎಂಬುದು ತಿಳಿಯುವುದು ಜೋರಾದ ಪೆಟ್ಟು ಬಿದ್ದ ಕ್ಷಣದಲ್ಲಿ ಮಾತ್ರ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೈಕಲ್ ಹೆಲ್ಮೆಟ್ ನಿಯಮ 1999ರ ಮಾರ್ಚಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಲೋಹದ ತಲೆಯಾಕೃತಿಗೆ ಹೆಲ್ಮೆಟ್ ತೊಡಿಸಿ, ಸಪಾಟಾದ ಉಕ್ಕಿನ ಅಡಿಗಲ್ಲಿನ ಮೇಲೆ ಸುಮಾರು ಎರಡು ಮೀಟರ್ ಎತ್ತರದಿಂದ, ಗುಂಡನೆಯ ಮತ್ತು ರಸ್ತೆಬದಿಯ ಕಲ್ಲಿನಾಕಾರದ ಅಡಿಗಲ್ಲುಗಳ ಮೇಲೆ ಸುಮಾರು 1.2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ತಲೆಗೆ ತಲುಪುವ ಹೊಡೆತ ಗುರುತ್ವದ 300 ಪಟ್ಟನ್ನು ಮೀರಬಾರದು. ಮಾದರಿಗಳಲ್ಲಿ ಕೆಲವನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ, ಕೆಲವನ್ನು ಸೊನ್ನೆಗಿಂತ 15 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ, ಕೆಲವನ್ನು ನೀರಿನಲ್ಲಿ ಇಟ್ಟು ತೆಗೆದು ಬೀಳಿಸುತ್ತಾರೆ. ಸ್ಕೇಟ್‌ಬೋರ್ಡ್ ಮತ್ತು ರೋಲರ್ ಸ್ಕೇಟಿಂಗಿಗೆ ಎಎಸ್‌ಟಿಎಂ ಎಫ್ 1492 ಎಂಬ ಬೇರೆ ಮಾನದಂಡವೇ ಇದೆ, ಅದು ಒಂದಕ್ಕಿಂತ ಹೆಚ್ಚು ಪೆಟ್ಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡೂ ಚೀಟಿಗಳಿರುವ ಹೆಲ್ಮೆಟ್ ಡರ್ಬಿಗೆ ಒಳ್ಳೆಯದು. ಈ ಎಲ್ಲ ಪರೀಕ್ಷೆಗಳಲ್ಲಿ ಗೆದ್ದದ್ದು ಕಾರ್ಖಾನೆಯಿಂದ ಬಂದ ಚಿಪ್ಪು, ನೀವು ದ್ರಾವಕ ಸಿಂಪಡಿಸಿದ ಚಿಪ್ಪಲ್ಲ. ತಂಡದವರ ಹೆಲ್ಮೆಟ್‌ಗಳು ಗಟ್ಟಿಯಾಗಿಯೇ ಇರಬಹುದು, ಆದರೆ ಅದನ್ನು ತಿಳಿಯಲು ಮನೆಯಲ್ಲಿ ದಾರಿಯಿಲ್ಲ. ನೀರಿನ ಆಧಾರದ ಬಣ್ಣ ಅದೇ ಅಂಗಡಿಯ ಇನ್ನೊಂದು ಸಾಲಿನಲ್ಲಿ ಸಿಗುವಾಗ ಈ ಅನುಮಾನವನ್ನು ತಲೆಯ ಮೇಲೆ ಹೊರುವುದು ಬೇಡ.

ಪ್ರಶ್ನೆ: ಪೇಂಟ್ ಮಾರ್ಕರ್‌ನಿಂದ ಹೆಲ್ಮೆಟ್ಟಿನ ಮೇಲೆ ಬಳ್ಳಿಯ ಚಿತ್ರ ಬರೆದೆ. ವಾರ್ನಿಶ್ ಹಚ್ಚಲು ಕುಂಚವಿಟ್ಟೊಡನೆ ಕಪ್ಪು ಗೆರೆಗಳು ಹರಡಿ ಎಲೆಗಳೆಲ್ಲ ಬೂದಿಬಣ್ಣವಾದವು. ಕಾರಣವೇನು?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಮಾರ್ಕರ್‌ಗಳಲ್ಲಿ ಮೂರು ಜಾತಿ. ವಿಳಾಸ ಬರೆಯುವ ಪರ್ಮನೆಂಟ್ ಮಾರ್ಕರ್‌ನಲ್ಲಿ ಇರುವುದು ಆಲ್ಕೊಹಾಲಿನಲ್ಲಿ ಕರಗಿದ ವರ್ಣದ್ರವ. ಅದು ಪ್ಲಾಸ್ಟಿಕ್ಕಿನ ಮೇಲೆ ಒಣಗಿದ ಮೇಲೂ ವಾರ್ನಿಶ್ ತಗುಲಿದರೆ ಮತ್ತೆ ಕರಗಿ ಹರಡಬಹುದು, ಬಿಸಿಲಿಗೆ ಬೇಗ ಮಾಸುತ್ತದೆ ಕೂಡ. ಎರಡನೆಯದು ಎಣ್ಣೆ ಆಧಾರದ ಪೇಂಟ್ ಮಾರ್ಕರ್, ಅದರ ವಾಸನೆಯಲ್ಲೇ ದ್ರಾವಕ ತಿಳಿಯುತ್ತದೆ, ಹೆಲ್ಮೆಟ್ಟಿಗೆ ಬೇಡ. ಮೂರನೆಯದು ಪೋಸ್ಕಾದಂತಹ ನೀರಿನ ಆಧಾರದ ಮಾರ್ಕರ್, ಇದು ಸರಿಯಾದದ್ದು. ಆದರೆ ಕಾಗದ ಅಥವಾ ಮರದ ಮೇಲೆ ಕೂತಷ್ಟು ಭದ್ರವಾಗಿ ಅದು ಪ್ಲಾಸ್ಟಿಕ್ಕಿನ ಮೇಲೆ ಕೂರುವುದಿಲ್ಲ. ಒದ್ದೆ ಕುಂಚ ಎರಡು ಮೂರು ಸಲ ಆಡಿದರೆ ಎದ್ದುಬಿಡುತ್ತದೆ.

ನೀವು ಬಳಸಿದ್ದು ಈ ಮೂರನೆಯ ಜಾತಿಯದಾಗಿದ್ದರೆ, ಬರೆದ ಮೇಲೆ ಎರಡು ದಿನ ಬಿಡಿ. ಮೊದಲ ಪದರದ ವಾರ್ನಿಶ್ಶನ್ನು ಒಣ ಸ್ಪಂಜಿನ ತುಂಡಿನಿಂದ ಒತ್ತಿ ಒತ್ತಿ ತೆಳುವಾಗಿ ಕೂರಿಸಿ, ಎಳೆಯಬೇಡಿ. ಅದು ಒಣಗಿದ ಮೇಲೆ ಎರಡನೆಯ ಪದರವನ್ನು ಕುಂಚದಿಂದ ಒಂದೇ ದಿಕ್ಕಿನಲ್ಲಿ ಕೊಡಬಹುದು. ಈಗ ಬೂದಿಯಾದ ಎಲೆಗಳನ್ನು ಉಜ್ಜಿ ತೆಗೆಯುವ ಬದಲು, ಒಣಗಲು ಬಿಟ್ಟು, ಅವುಗಳ ಮೇಲೆ ಅಕ್ರಿಲಿಕ್ ಹಸಿರನ್ನು ಇನ್ನೊಮ್ಮೆ ತುಂಬಿ. ಕಪ್ಪು ಗೆರೆಯನ್ನು ಎಲ್ಲಕ್ಕೂ ಕೊನೆಯಲ್ಲಿ, ಮೊದಲ ವಾರ್ನಿಶ್ ಪದರ ಒಣಗಿದ ಬಳಿಕ ಎಳೆದರೆ ಅದು ಹರಡಿದರೂ ಒರೆಸಿ ತೆಗೆಯಬಹುದು, ಕೆಳಗಿನ ಬಣ್ಣ ಸುರಕ್ಷಿತವಾಗಿರುತ್ತದೆ.

ಪ್ರಶ್ನೆ: ನನ್ನ ಹೆಲ್ಮೆಟ್ಟಿನ ಎರಡು ಬದಿಗೂ ದೊಡ್ಡ ನಕ್ಷತ್ರ ಬರೆದು, ಸುತ್ತ ಮಿಂಚಿನ ಪುಡಿ ಹಾಗೂ ಕನ್ನಡಿ ಚೂರುಗಳನ್ನು ಅಂಟಿಸುವ ಆಸೆ. ಕೂಡದೆಂದು ತರಬೇತುದಾರರು ಹೇಳಿದರು. ಅಂದಕ್ಕೆ ಅಡ್ಡಿ ಏಕೆ?
— ಡರ್ಬಿ ಆಟಗಾರ್ತಿ, ಕ್ಯಾಲಿಫೋರ್ನಿಯ

ಉತ್ತರ: ನಿಮ್ಮ ತರಬೇತುದಾರರು ಸರಿಯಾಗಿಯೇ ಹೇಳಿದ್ದಾರೆ. ಈ ಆಟದಲ್ಲಿ ನಕ್ಷತ್ರ ಅಲಂಕಾರವಲ್ಲ, ಅದು ಜ್ಯಾಮರ್‌ನ ಗುರುತು. ಹಣೆಯಿಂದ ಹಿಂದಲೆಗೆ ಹೋಗುವ ದಪ್ಪ ಪಟ್ಟೆ ಪಿವಟ್‌ನ ಗುರುತು. ಹತ್ತು ಮಂದಿ ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗ ತೀರ್ಪುಗಾರರು ನೋಡುವುದು ಈ ಎರಡು ಗುರುತುಗಳನ್ನೇ. ಬ್ಲಾಕರ್ ಆಗಿರುವಾಗಲೂ ನಿಮ್ಮ ಹೆಲ್ಮೆಟ್ಟಿನಲ್ಲಿ ನಕ್ಷತ್ರವಿದ್ದರೆ ಅವರೂ ಎಡವುತ್ತಾರೆ, ನಿಮ್ಮ ತಂಡದವರೂ ಎಡವುತ್ತಾರೆ. ಹಾಗಾಗಿ ದೊಡ್ಡ ನಕ್ಷತ್ರ ಮತ್ತು ನಡುನೆತ್ತಿಯ ಪಟ್ಟೆ ಇವೆರಡನ್ನು ಬಿಟ್ಟು ಬೇರೇನನ್ನಾದರೂ ಆರಿಸಿಕೊಳ್ಳಿ. ಸಾಗರದವರಿಗೂ ಇದೇ ಸೂಚನೆ: ಚಿತ್ತಾರದ ಅಂಚು ತಲೆಯ ಸುತ್ತ ಬರಲಿ, ನೆತ್ತಿಯ ಮೇಲೆ ಹಾದುಹೋಗುವುದು ಬೇಡ.

ಕನ್ನಡಿ ಚೂರು, ಕಲ್ಲು, ಮುಳ್ಳು ಇವು ಇನ್ನೊಬ್ಬರ ಮುಖಕ್ಕೆ ತಾಗುವ ವಸ್ತುಗಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿಮ್ಮದೇ ಕುತ್ತಿಗೆಗೆ ಸಂಬಂಧಿಸಿದ್ದು. ಹೆಲ್ಮೆಟ್ಟಿನ ಹೊರಮೈ ನುಣುಪಾಗಿರುವುದು ಚೆಂದಕ್ಕಲ್ಲ, ನೆಲಕ್ಕೆ ಓರೆಯಾಗಿ ಬಡಿದಾಗ ಅದು ಜಾರಿ ಹೋಗಲಿ ಎಂದು. ಜಾರದೆ ಕಚ್ಚಿಕೊಂಡರೆ ತಲೆ ಹಠಾತ್ತನೆ ತಿರುಚುತ್ತದೆ, ಮೆದುಳಿಗೆ ಆ ತಿರುಚುವಿಕೆ ಬಹಳ ಕೆಟ್ಟದ್ದು. ಸೈಕಲ್ ಹೆಲ್ಮೆಟ್‌ಗಳ ನಿಯಮದಲ್ಲೂ, ಹೊರಮೈಯಿಂದ 7 ಮಿಲಿಮೀಟರಿಗಿಂತ ಹೆಚ್ಚು ಚಾಚಿರುವ ಭಾಗ ಪೆಟ್ಟಿಗೆ ಮುರಿದು ಬೀಳಬೇಕು ಅಥವಾ ಮಡಚಿಕೊಳ್ಳಬೇಕು ಎಂದಿದೆ. ಮಿಂಚಿನ ಪುಡಿಯೂ ವಾರ್ನಿಶ್ಶಿನ ಅಡಿಯಲ್ಲಿ ಪೂರ್ತಿ ಮುಳುಗಿ, ಬೆರಳಾಡಿಸಿದರೆ ತರಿ ತಾಗದಂತಿದ್ದರೆ ಮಾತ್ರ ಸರಿ. ಲೋಹದ ಹೊಳಪಿರುವ ಅಕ್ರಿಲಿಕ್ ಬಣ್ಣಗಳು ಸಿಗುತ್ತವೆ, ಅವುಗಳಿಂದ ಅದೇ ಮೆರುಗು ತರಿಯಿಲ್ಲದೆ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸ್ಕೇಟಿಂಗ್ ಕಲಿಯುವ ನನ್ನ ಒಂಬತ್ತು ವರ್ಷದ ಮಗನಿಗೆ ಹಗುರವಾದ ಸೈಕಲ್ ಹೆಲ್ಮೆಟ್ ಕೊಡಿಸಿದ್ದೇವೆ. ಅದಕ್ಕೆ ಬಣ್ಣ ಹಚ್ಚಬಹುದೇ, ಇಲ್ಲವೇ ಸ್ಕೂಟರ್ ಹೆಲ್ಮೆಟ್ಟಿಗೇ ಬಣ್ಣ ಹಚ್ಚಿ ಕೊಡಲೇ?
— ತಂದೆ, ಜಯನಗರ

ಉತ್ತರ: ಎರಡೂ ಬೇಡ. ಹಗುರ ಸೈಕಲ್ ಹೆಲ್ಮೆಟ್‌ಗಳ ಹೊರಚಿಪ್ಪು ಸಾಮಾನ್ಯವಾಗಿ ತೆಳುವಾದ ಪಾಲಿಕಾರ್ಬೊನೇಟ್, ಅದನ್ನು ಅಚ್ಚಿನಲ್ಲೇ ನೊರೆಗೆ ಬೆಸೆದಿರುತ್ತಾರೆ. ಉಗುರಿನಿಂದ ಒತ್ತಿದರೆ ತಗ್ಗುವಷ್ಟು ತೆಳುವಾದ ಆ ಪದರವನ್ನು ಉಜ್ಜಲೂಬಾರದು, ದ್ರಾವಕಕ್ಕೆ ಒಡ್ಡಲೂಬಾರದು. ತಯಾರಕರ ಕೈಪಿಡಿ ಒಪ್ಪಿದರೆ ಮಗನಿಗಿಷ್ಟವಾದ ಒಂದೆರಡು ಸಣ್ಣ ಸ್ಟಿಕ್ಕರ್ ಅಂಟಿಸಿ, ಅಷ್ಟೇ. ಸ್ಕೂಟರ್ ಹೆಲ್ಮೆಟ್ ಐಎಸ್ 4151 ಎಂಬ ಬೇರೆ ಮಾನದಂಡದ್ದು, ಮಗುವಿನ ಕುತ್ತಿಗೆಗೆ ಭಾರವಾದದ್ದು. ಗಟ್ಟಿ ಎಬಿಎಸ್ ಚಿಪ್ಪಿನ, ಸರಿಯಾದ ಅಳತೆಯ ಸ್ಕೇಟಿಂಗ್ ಹೆಲ್ಮೆಟ್ ಕೊಡಿಸಿ. ಚಿಪ್ಪು ಎಬಿಎಸ್‌ನದೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ. ಆಗ ಮೇಲೆ ಹೇಳಿದ ಕ್ರಮದಲ್ಲಿ ಮಗನನ್ನೂ ಕೂರಿಸಿಕೊಂಡು ಬಣ್ಣ ಹಚ್ಚಿ.

ಪ್ರಶ್ನೆ: ನನ್ನ ಹೆಲ್ಮೆಟ್ಟಿಗೆ ಗೆಳತಿ ಬಹಳ ಶ್ರಮಪಟ್ಟು ನವಿಲು ಬರೆದುಕೊಟ್ಟಿದ್ದಳು. ಕಳೆದ ಪಂದ್ಯದಲ್ಲಿ ಹಿಂದಕ್ಕೆ ಬಿದ್ದು ತಲೆ ಜೋರಾಗಿ ಬಡಿಯಿತು. ಹೊರಗೆ ಬಣ್ಣ ಚಕ್ಕೆ ಎದ್ದದ್ದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಳೆಯ ಬಣ್ಣ ಕೆರೆದು ಮತ್ತೆ ಬರೆಸಬಹುದೇ?
— ಓದುಗರೊಬ್ಬರು, ಲಂಡನ್

ಉತ್ತರ: ಮೊದಲು ನಿಮ್ಮ ತಲೆಯ ವಿಷಯ. ತಲೆನೋವು, ವಾಕರಿಕೆ, ಮಂಪರು, ಬೆಳಕು ಸಹಿಸಲಾಗದಿರುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣುವವರೆಗೆ ಸ್ಕೇಟ್ ತೊಡಬೇಡಿ.

ಹೆಲ್ಮೆಟ್ಟಿನ ವಿಷಯದಲ್ಲಿ, ಅದನ್ನು ಮತ್ತೆ ತೊಡಬೇಡಿ ಎಂದೇ ನನ್ನ ಉತ್ತರ. ಇಪಿಎಸ್ ನೊರೆ ಒಮ್ಮೆ ಜಜ್ಜಿಹೋದರೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಹಲವು ಪೆಟ್ಟು ತಡೆಯುವ ಮಾದರಿಗಳೂ ತಲೆ ಜುಮ್ಮೆನ್ನುವಂತಹ ಪೆಟ್ಟಿನ ಬಳಿಕ ಬದಲಾಗಬೇಕು. ಬಣ್ಣ ಹಚ್ಚಿದ ಹೆಲ್ಮೆಟ್ಟಿನಲ್ಲಿ ಇನ್ನೊಂದು ಕಷ್ಟವಿದೆ, ಚಿಪ್ಪಿನ ಸೂಕ್ಷ್ಮ ಬಿರುಕನ್ನು ಬಣ್ಣ ಮುಚ್ಚಿಬಿಡುತ್ತದೆ. ಬಣ್ಣ ಚಕ್ಕೆ ಎದ್ದ ಜಾಗದ ಕೆಳಗೆ ಏನಿದೆ ಎಂದು ನೋಡಲು ಬಣ್ಣ ಕಳಚುವ ದ್ರಾವಕ ಹಚ್ಚಿದರೆ, ಉಳಿದಿರುವ ಬಲವೂ ಹೋದೀತು. ಆದ್ದರಿಂದಲೇ ಬಣ್ಣದ ಹೆಲ್ಮೆಟ್ ತೊಡುವವರು ಪ್ರತಿ ಪಂದ್ಯದ ನಂತರ ಪ್ಯಾಡು ತೆಗೆದು ಒಳಗಿನ ನೊರೆಯನ್ನು ಬೆಳಕಿಗೆ ಹಿಡಿದು ನೋಡಬೇಕು, ಚಿಪ್ಪನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಒತ್ತಿ ಕಿರುಗುಟ್ಟುತ್ತದೆಯೇ ಎಂದು ಕೇಳಬೇಕು. ಒಳಗೆ ತಗ್ಗು, ಸೀಳು, ಬಿಡಿಸಿಕೊಂಡ ಅಂಟು ಕಂಡರೆ ಅಲ್ಲಿಗೆ ಮುಗಿಯಿತು. ಏನೂ ಕಾಣದಿದ್ದರೂ ಪೆಟ್ಟು ಜೋರಾಗಿತ್ತು ಎಂಬ ನಿಮ್ಮ ಮಾತೇ ಸಾಕಷ್ಟು ಕಾರಣ.

ನವಿಲನ್ನು ಎಸೆಯಬೇಕಾಗಿಲ್ಲ. ಗಲ್ಲದ ಪಟ್ಟಿಗಳನ್ನು ಕತ್ತರಿಸಿ ಹಾಕಿ, ಇಲ್ಲವಾದರೆ ತಂಡಕ್ಕೆ ಹೊಸದಾಗಿ ಬಂದ ಯಾರಾದರೂ ಎರವಲು ಪಡೆದು ತೊಟ್ಟಾರು. ಆಮೇಲೆ ಅದನ್ನು ಗೋಡೆಗೆ ತೂಗುಹಾಕಿ. ಹೊಸ ಹೆಲ್ಮೆಟ್ಟನ್ನು ಅದೇ ಮಾದರಿ, ಅದೇ ಅಳತೆಯಲ್ಲಿ ತರಿಸಿದರೆ, ಹಳೆಯದರ ಮೇಲೆ ತೆಳು ಕಾಗದವಿಟ್ಟು ನವಿಲಿನ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ತೆಗೆದುಕೊಳ್ಳಬಹುದು. ಕಾಗದದ ಹಿಂಬದಿಗೆ ಸೀಮೆಸುಣ್ಣ ಉಜ್ಜಿ ಹೊಸ ಚಿಪ್ಪಿನ ಮೇಲಿಟ್ಟು ಗೆರೆಗಳ ಮೇಲೆ ಮತ್ತೆ ಪೆನ್ಸಿಲ್ ಆಡಿಸಿದರೆ ಚಿತ್ರ ಇಳಿಯುತ್ತದೆ, ನಿಮ್ಮ ಗೆಳತಿಗೆ ಬಣ್ಣ ತುಂಬುವ ಕೆಲಸವಷ್ಟೇ ಉಳಿಯುತ್ತದೆ.